ಮುರಿದ ಪಿನ್ ವಾಪಸ್ ತಗೊಂಡು ಬಾ

ಪುಟ್ಟಿ,

ನಿನ್ನೆ ಫೋನಿನಲ್ಲಿ ಸ್ವಲ್ಪ ಜಾಸ್ತಿಯೇ ರೇಗಿಬಿಟ್ಟೆ. ಮಾತಿಗೆ ಕೂತರೆ ಇಬ್ಬರೂ ಒಬ್ಬರನ್ನೊಬ್ಬರು ಮಾತಾಡಲು ಬಿಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಯುಗಾದಿಗೆ ಬಂದಾಗ ತಾತನ ಜೋಡು ನಳಿಗೆ ಕೋವಿಯಲ್ಲಿ ಎಡಗಡೆಯ ಫೈರಿಂಗ್ ಪಿನ್, ಅಂದರೆ ತೋಟಾಗೆ ಹೊಡೆಯುವ ಕಡ್ಡಿ, ಮುರಿದಿದೆ ಎಂದು ಕಂಡುಹಿಡಿದವಳು ನೀನೇ. ಭೇಷ್. ಆದರೆ ಆ ತುಂಡನ್ನು ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡು ಪುಣೆಗೆ ಒಯ್ದಿದ್ದು ನಿನ್ನೆಯಷ್ಟೇ ಗೊತ್ತಾಯಿತು. "ಡ್ರಾಯಿಂಗ್ ರೆಡಿ ಅಪ್ಪ, ಪೀಣ್ಯದಲ್ಲಿ ನನ್ನ ಫ್ರೆಂಡ್ ಅರ್ಧ ಗಂಟೇಲಿ ಲೇತ್ ಮೇಲೆ ಮಾಡಿಕೊಡ್ತಾನೆ" ಅಂದೆ. ಮಾಡಿಕೊಡುತ್ತಾನೆ, ಅನುಮಾನವೇ ಇಲ್ಲ. ಪೀಣ್ಯದ ವರ್ಕ್‌ಶಾಪಿನವರು ಏನು ಬೇಕಾದರೂ ಮಾಡಿಕೊಡುತ್ತಾರೆ. ಭಯ ಇರುವುದೇ ಅಲ್ಲಿ.

1959ರ ಆಯುಧ ಕಾಯ್ದೆಯಲ್ಲಿ ಆಯುಧ ಎಂದರೆ ಬರೀ ಕೋವಿಯಲ್ಲ, ಅದರ ಬಿಡಿಭಾಗಗಳೂ ಸೇರಿದವು. ಬಂದೂಕು ತಯಾರಿಸುವುದಕ್ಕೆ ಹೇಗೋ, ರಿಪೇರಿ ಮಾಡುವುದಕ್ಕೂ ಹಾಗೇ, ಬೇರೆ ಲೈಸೆನ್ಸ್ ಬೇಕು. ನನ್ನ ಹತ್ತಿರ ಇರುವುದು ಇಟ್ಟುಕೊಳ್ಳುವ ಲೈಸೆನ್ಸ್ ಮಾತ್ರ. ಒರೆಸುತ್ತೇನೆ, ಎಣ್ಣೆ ಹಾಕುತ್ತೇನೆ, ಅಷ್ಟೇ. ಲೈಸೆನ್ಸ್ ಇಲ್ಲದೆ ತಯಾರಿಸಿದರೆ 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷ ಜೈಲು, ಜೀವಾವಧಿಯವರೆಗೂ ಹೋಗಬಹುದು. ಬೆರಳುದ್ದದ ಪಿನ್ನಿಗೆ ಇದು ಅತಿ ಅಂತ ನನಗೂ ಅನಿಸುತ್ತದೆ. ಆದರೆ ನಿನ್ನ ಫ್ರೆಂಡ್‌ಗೆ ಮದುವೆ ಗೊತ್ತಾಗಿದೆ ಅಂದಿದ್ದೆ, ಅಲ್ವಾ?

ಕಾನೂನು ಬಿಡು, ನೀನು ಇಂಜಿನಿಯರ್. ಕೋವಿಯ ಕುದುರೆ, ಅಂದರೆ ಸುತ್ತಿಗೆಯಂಥ ಭಾಗ, ಬಿದ್ದಾಗ ಆ ಪಿನ್ ತೋಟಾದ ಹಿಂಬದಿಯಲ್ಲಿರುವ, ಮದ್ದು ಹೊತ್ತಿಸುವ ಕ್ಯಾಪಿಗೆ ಹೊಡೆಯಬೇಕು. ಗಿಡ್ಡವಾದರೆ ತೋಟಾ ಹಾರುವುದಿಲ್ಲ. ಉದ್ದವಾದರೆ ಕ್ಯಾಪನ್ನೇ ತೂತು ಮಾಡಿ ಬಿಸಿ ಹೊಗೆ ಹಿಂದಕ್ಕೆ, ನನ್ನ ಮುಖಕ್ಕೇ ನುಗ್ಗುತ್ತದೆ. ಮುರಿದ ತುಂಡು ನೋಡಿ ಮೊದಲಿನ ಉದ್ದ ಎಷ್ಟಿತ್ತು ಅಂತ ಹೇಗೆ ಅಳೆದೆ?

ಕೊಡಗಿನ ನಿನ್ನ ಗೆಳತಿ ಮನೆಯಲ್ಲಿ ಲೈಸೆನ್ಸೇ ಇಲ್ಲ ಅಂತಲೂ ವಾದಿಸಿದೆ. ಕೊಡವರಿಗೆ ಹಿಂದಿನಿಂದ ವಿನಾಯಿತಿ ಇದೆ, 2019ರಲ್ಲಿ ಮತ್ತೆ 10 ವರ್ಷ ಮುಂದುವರಿಸಿದರು. ನಾವು ಮಲ್ಲೇಶ್ವರದವರಮ್ಮ.

1999ರಲ್ಲಿ ನಾನೂ ಒಂದು ಎಡವಟ್ಟು ಮಾಡಿಕೊಂಡಿದ್ದೆ, ನಿನಗೆ ಹೇಳಿಲ್ಲ. ಕೋವಿಯ ಮರದ ಹಿಡಿ ಬಿರುಕು ಬಿಟ್ಟಿತ್ತು. ಡ್ರೈವರ್ ಕೈಯಲ್ಲಿ ಕೋವಿ, ಲೈಸೆನ್ಸಿನ ಜೆರಾಕ್ಸ್ ಕೊಟ್ಟು ರಿಪೇರಿಗೆ ಕಳಿಸಿದೆ. ದಾರಿಯಲ್ಲಿ ಪೊಲೀಸರು ತಡೆದರು. ಪಾಪ, ಸಂಜೆವರೆಗೂ ಠಾಣೆಯ ಬೆಂಚಿನ ಮೇಲೆ ಕೂತಿದ್ದ, ಊಟ ಕೂಡ ಇಲ್ಲ. ರಿಪೇರಿಗೆ ಬೇರೆಯವರು ಒಯ್ಯಬಹುದು, ಆದರೆ ಲೈಸೆನ್ಸ್ ಇರುವವನು ಜೊತೆಗಿರಬೇಕು, ಇಲ್ಲವೇ ಅವನು ಬರೆದುಕೊಟ್ಟ ಪತ್ರ ಇರಬೇಕು. ನಾನು ಸುಮ್ನೆ ಎರಡು ಸಾಲು ಗೀಚಿ ಕೊಟ್ಟಿದ್ದರೆ ಸಾಕಿತ್ತು.

ಈಗ ಲೈಸೆನ್ಸ್ ಇರುವ ಬಂದೂಕಿನ ಅಂಗಡಿಗೇ ಹೋಗೋಣ. ಅಲ್ಲಿ ಕೊಡುವ ರಸೀದಿಯಲ್ಲಿ ಕೋವಿಯ ನಂಬರ್ ಬರೆಸಬೇಕು, ಆ ರಸೀದಿ ಲೈಸೆನ್ಸ್ ಪುಸ್ತಕದ ಜೊತೆಗೇ ಇರಬೇಕು. ಪಿನ್ ಬದಲಾದರೆ ನಂಬರ್ ಹಾಗೇ ಉಳಿಯುತ್ತದೆ. ಅಂಗಡಿಯವನು ನಳಿಗೆಯನ್ನೇ ಬದಲಿಸಬೇಕು ಅಂದರೆ ಮಾತ್ರ ಅಲ್ಲಿಗೇ ನಿಲ್ಲಿಸಿ, ಮೊದಲು ಇನ್‌ಫೆಂಟ್ರಿ ರಸ್ತೆಯ ಕಮಿಷನರ್ ಕಚೇರಿಗೆ ಅರ್ಜಿ ಬರೆಯುತ್ತೇನೆ. ನಮ್ಮ ಲೈಸೆನ್ಸ್ ಕೊಟ್ಟಿದ್ದು ಅವರೇ. ಕೋವಿಯ ಮೇಲಿನ ನಂಬರ್ ಒಂದು, ಪುಸ್ತಕದಲ್ಲಿ ಇನ್ನೊಂದು ಆದರೆ ಕೋವಿ ನಮ್ಮದಲ್ಲ ಎಂದೇ ಲೆಕ್ಕ. ನಳಿಗೆಯ ತುದಿ ಕತ್ತರಿಸಿ ಗಿಡ್ಡ ಮಾಡೋಣ ಅಂತ ನಿನ್ನ ಚಿಕ್ಕಪ್ಪ ಆಗಾಗ ಹೇಳುತ್ತಾನೆ. ಲೈಸೆನ್ಸ್ ಇಲ್ಲದೆ ಅದೂ ಅಪರಾಧವೇ. ಅವನ ಮಾತಿಗೆ ತಲೆಯಾಡಿಸಬೇಡ.

ಶನಿವಾರ ಬರುವಾಗ ಪಿನ್ ತಗೊಂಡು ಬಾ. ಈ ಪತ್ರದ ಹಿಂದಿನ ಹಾಳೆಯಲ್ಲಿ ಲೈಸೆನ್ಸ್ ನಂಬರ್ ಹಾಕಿ, ರಿಪೇರಿಗಾಗಿ ತರುತ್ತಿದ್ದಾಳೆ ಎಂದು ಬರೆದು ಸಹಿ ಮಾಡಿದ್ದೇನೆ. ಅದನ್ನು ಡಬ್ಬಿಯ ಜೊತೆಗೇ ಇಟ್ಟುಕೋ. ಆ ಡ್ರಾಯಿಂಗ್ ಫ್ರೆಂಡ್‌ಗೆ ಕಳಿಸಬೇಡ. ಅಮ್ಮ ಹಲಸಿನ ಹಪ್ಪಳ ಒಣಗಿಸಿದ್ದಾಳೆ, ಬ್ಯಾಗಿನಲ್ಲಿ ಜಾಗ ಬಿಟ್ಟುಕೊಂಡು ಬಾ.

ನಿನ್ನ
ಅಪ್ಪ