ಹಳೇ ಗೀಸರ್: ರಿಪೇರಿಯೋ, ಹೊಸದೋ? ಶುಕ್ರವಾರದೊಳಗೆ ತಿಳಿಸಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 10ಕ್ಕೆ ಗೀಸರ್ ಮೆಕ್ಯಾನಿಕ್ ನಮ್ಮ ಬ್ಲಾಕಿಗೆ ಬರ್ತಾರೆ. ಗೀಸರ್ ಹಾಕಿಸಿ ಏಳೆಂಟು ವರ್ಷ ದಾಟಿದವರು ದಯವಿಟ್ಟು ಪೂರ್ತಿ ಓದಿ.

ನೀರು ಬಿಸಿಯಾಗೋದು ತಡ, ಒಳಗೆ ಗುಳುಗುಳು ಸದ್ದು ಅಂದ್ರೆ ಎಲಿಮೆಂಟ್ (ನೀರು ಕಾಯಿಸೋ ಕಾಯಿಲ್) ಮೇಲೆ ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿರುತ್ತೆ. ಬಿಸಿಯೇ ಆಗದಿದ್ರೆ ಥರ್ಮೋಸ್ಟಾಟ್ (ಬಿಸಿ ಎಷ್ಟಿರಬೇಕು ಅಂತ ನಿಯಂತ್ರಿಸೋದು), ಕಟ್‌ಔಟ್ (ಅತಿಯಾಗಿ ಬಿಸಿಯಾದ್ರೆ ಕರೆಂಟ್ ಕಡಿಯೋ ಸ್ವಿಚ್) ಅಥವಾ ಎಲಿಮೆಂಟ್ ಹೋಗಿರುತ್ತೆ. ಇಷ್ಟಕ್ಕೇ ಗೀಸರ್ ಬದಲಿಸಬೇಡಿ. ಎಲಿಮೆಂಟ್ ಬಿಚ್ಚಿದಾಗ ಆನೋಡ್ ರಾಡ್ ತೋರಿಸೋಕೆ ಹೇಳಿ. ಮೆಗ್ನೀಸಿಯಂ ಸವೆದು ಒಳಗಿನ ತಂತಿ ಕಾಣ್ತಿದ್ರೆ ಅದನ್ನೂ ಗ್ಯಾಸ್ಕೆಟನ್ನೂ (ನೀರು ಸೋರದ ಹಾಗೆ ಹಾಕೋ ರಬ್ಬರ್ ವಾಷರ್) ಹೊಸದು ಹಾಕಿಸಿ. ಟ್ಯಾಂಕಿಗೆ ತುಕ್ಕು ಹಿಡಿಯದ ಹಾಗೆ ತಾನು ಸವೆಯೋದು ಆ ರಾಡೇ; ಹೆಚ್ಚಿನ ಮನೆಗಳಲ್ಲಿ ಅದನ್ನು ಯಾರೂ ನೋಡೋದೇ ಇಲ್ಲ.

ಟ್ಯಾಂಕೇ ತೂತಾಗಿದ್ರೆ ಬದಲಿಸಲೇಬೇಕು. ವೆಲ್ಡಿಂಗ್ ಮಾಡಿಸಿದ್ರೆ ಒಳಗಿನ ಕೋಟಿಂಗ್ ಸುಟ್ಟು ಮತ್ತೆ ಸೋರುತ್ತೆ. ರಿಪೇರಿ ಖರ್ಚು ಹೊಸದರ ಬೆಲೆಯ ಅರ್ಧ ದಾಟಿದ್ರೂ ಹೊಸದೇ ವಾಸಿ. ಆದ್ರೆ ಬಿಸಿಯಾಗುವಾಗ ಸೇಫ್ಟಿ ವಾಲ್ವಿನಿಂದ ನಾಲ್ಕು ಹನಿ ಬಿದ್ರೆ ಅದು ಸೋರಿಕೆಯಲ್ಲ, ದಯವಿಟ್ಟು ಅದನ್ನು ಮುಚ್ಚಬೇಡಿ.

ನಲ್ಲಿ ಮುಟ್ಟಿದಾಗ ಜುಮ್ ಅಂದ್ರೆ ಭಾನುವಾರದ ತನಕ ಕಾಯಬೇಡಿ. ಈಗಲೇ ಗೀಸರಿನ ಎಂಸಿಬಿ (ಕರೆಂಟ್ ಬೋರ್ಡಿನ ಸ್ವಿಚ್) ಆಫ್ ಮಾಡಿ, ಅರ್ಥಿಂಗ್ ಕೂಡ ಪರೀಕ್ಷೆ ಮಾಡಿಸಿ.

ಬೇಕಾದವರು ಮನೆ ನಂಬರ್, ತೊಂದರೆ ಏನು, ಜೊತೆಗೆ ಲೀಟರ್ ಮತ್ತು ವ್ಯಾಟ್ ಕಾಣುವ ಹಾಗೆ ಲೇಬಲ್ ಫೋಟೋ ಶುಕ್ರವಾರ ಸಂಜೆಯೊಳಗೆ ಇಲ್ಲೇ ಹಾಕಿ. ನೋಡಿಕೊಂಡು ಸರಿಯಾದ ಎಲಿಮೆಂಟ್ ತರ್ತಾರೆ. ಶನಿವಾರ ರಾತ್ರಿಯೇ ಗೀಸರ್ ಆಫ್ ಮಾಡಿಡಿ, ಬಿಸಿ ಟ್ಯಾಂಕ್ ಬಿಚ್ಚೋಕಾಗಲ್ಲ. ವಾರಂಟಿ ಕಾರ್ಡ್ ಹುಡುಕಿಡಿ, ಟ್ಯಾಂಕಿನ ವಾರಂಟಿ ಇನ್ನೂ ಇರಬಹುದು.