ಮೀನಿಗೆ ಕಾಯಿಲೆ ಬಂದರೆ ಎಲ್ಲಿ ತೋರಿಸಬೇಕು?

ಸಂಪಾದಕರೇ,

ನಮ್ಮ ಹಿತ್ತಲಿನಲ್ಲಿ ಎಂಟಡಿ ಉದ್ದ, ಐದಡಿ ಅಗಲದ ಸಿಮೆಂಟ್ ಕೊಳ ಇದೆ. ಎರಡೂವರೆ ಅಡಿ ಆಳ. ಅದರಲ್ಲಿ ಆರು ಕೋಯಿ ಮೀನು ಸಾಕಿದ್ದೆ. ಒಂದರ ಮೈಯೆಲ್ಲ ಬಿಳಿ, ತಲೆ ಮೇಲೆ ಮಾತ್ರ ದುಂಡಗೆ ಕೆಂಪು. ಜಪಾನಿನವರು ಈ ಬಗೆಯನ್ನು ತಾಂಚೋ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅವಳು ಬೊಟ್ಟಮ್ಮ. ಏಳು ವರ್ಷದಿಂದ ನನ್ನ ಕೈಯಿಂದಲೇ ತಿನ್ನುತ್ತಾಳೆ.

ಕಳೆದ ತಿಂಗಳು ಬೊಟ್ಟಮ್ಮ ತಿನ್ನುವುದನ್ನು ಬಿಟ್ಟಳು. ರೆಕ್ಕೆಗಳನ್ನು ಮೈಗೆ ಒತ್ತಿಕೊಂಡು ಮೂಲೆಯಲ್ಲಿ ನಿಂತಿರುತ್ತಿದ್ದಳು. ಇದ್ದಕ್ಕಿದ್ದಂತೆ ಓಡಿಹೋಗಿ ಕಲ್ಲಿಗೆ ಮೈ ಉಜ್ಜುತ್ತಿದ್ದಳು. ಹೊಟ್ಟೆಯ ಪಕ್ಕದಲ್ಲಿ ಸೊಳ್ಳೆ ಕಚ್ಚಿದ ಹಾಗೆ ಕೆಂಪು ಚುಕ್ಕೆ.

ಪಶು ಆಸ್ಪತ್ರೆಗೆ ಹೋದೆ. ಡಾಕ್ಟರು ಒಳ್ಳೆಯವರು. "ಮೀನಿನ ವಿಷಯ ನನಗೆ ಗೊತ್ತಾಗಲ್ಲಮ್ಮ" ಎಂದು ನೇರವಾಗಿ ಹೇಳಿದರು. ಮೀನಿನ ಅಂಗಡಿಯಲ್ಲಿ ಏನೂ ಕೇಳಲಿಲ್ಲ. ನೀರು ಯಾವುದು, ಯಾವಾಗ ಬದಲಾಯಿಸಿದಿರಿ, ಒಂದೂ ಇಲ್ಲ. ಆಂಟಿಬಯಾಟಿಕ್ ಪುಡಿಯ ಪೊಟ್ಟಣ ಕೈಗಿಟ್ಟು, "ಕೊಳಕ್ಕೆ ಕಲಸಿ" ಎಂದರು. ಡಾಕ್ಟರ ಚೀಟಿ ಇಲ್ಲದೆ ಮನುಷ್ಯರಿಗೆ ಕೊಡಬಾರದ ಔಷಧಿ, ಮೀನಿಗಾದರೆ ಹೀಗೆ ಕೊಡಬಹುದಾ? ಪಕ್ಕದ ಮನೆಯವರು, "ಸುಮ್ನೆ ಕೆರೆಗೆ ಬಿಟ್ಟುಬಿಡಿ, ಋಣ ಇದ್ದರೆ ಬದುಕುತ್ತೆ" ಎಂದರು.

ಕೊನೆಗೆ ದಾರಿ ತೋರಿಸಿದವನು ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದುತ್ತಿರುವ ನನ್ನ ತಂಗಿಯ ಮಗ. ಫೋನಿನಲ್ಲಿ ವಿಡಿಯೋ ನೋಡಿ, "ದೊಡ್ಡಮ್ಮ, ಔಷಧಿ ಹಾಕಬೇಡ. ಮೊದಲು ಅದರ ಮೈ ನೋಡು" ಅಂದ. ಬೊಟ್ಟಮ್ಮನನ್ನು ಅಗಲದ ಬೇಸಿನ್ನಿಗೆ ತೆಗೆದುಕೊಂಡು, ಕಣ್ಣಿನ ಮೇಲೆ ಒದ್ದೆ ಬಟ್ಟೆ ಹಾಕಿದೆ. ಸುಮ್ಮನಾದಳು. ಟಾರ್ಚಿನ ಬೆಳಕು ಹಾಯಿಸಿ ಭೂತಗನ್ನಡಿ ಹಿಡಿದರೆ, ರೆಕ್ಕೆಯ ಬುಡದಲ್ಲಿ ಎಳ್ಳಿಗಿಂತ ಸ್ವಲ್ಪ ದೊಡ್ಡದಾದ, ಗಾಜಿನ ಚೂರಿನಂಥ ಚಪ್ಪಟೆ ಹುಳು! ಎರಡು ಕಪ್ಪು ಕಣ್ಣು ಸ್ಪಷ್ಟವಾಗಿ ಕಾಣುತ್ತಿದ್ದವು. ಮುಟ್ಟಿದರೆ ಸರಕ್ಕನೆ ಜರುಗಿತು. ಮೀನಿನ ಹೇನು. ಚಿಮಟಿಗೆಯಿಂದ ಹನ್ನೊಂದನ್ನು ತೆಗೆದೆ.

ತಪ್ಪು ನನ್ನದೇ. ಬೊಟ್ಟಮ್ಮನಿಗೆ ಹೀಗಾಗುವ ಮೂರು ವಾರ ಮುಂಚೆ ತಂದ ಹೊಸ ಮೀನನ್ನು ಬೇರೆ ಇಡದೆ ಸೀದಾ ಕೊಳಕ್ಕೆ ಬಿಟ್ಟಿದ್ದೆ. ಅದರ ಜೊತೆಗೇ ಹೇನು ಬಂದಿತ್ತು. ಈ ಹೇನು ಸಿಗಡಿ, ಏಡಿಗಳ ಕುಲದ್ದು. ಆಂಟಿಬಯಾಟಿಕ್ ಅದಕ್ಕೆ ಏನೂ ಮಾಡದು. ಬದಲಿಗೆ ಮೀನಿನ ಹೊಲಸಿನಿಂದ ಬರುವ ಅಮೋನಿಯವನ್ನು ಫಿಲ್ಟರಿನಲ್ಲಿ ಕಳೆಯುವ ಒಳ್ಳೆಯ ಬ್ಯಾಕ್ಟೀರಿಯಾ ಸಾಯಬಹುದು, ನೀರು ವಿಷವಾಗಬಹುದು. ಆ ಪುಡಿ ಹಾಕಿದ್ದರೆ ಮೀನುಗಳನ್ನು ನಾನೇ ಕೊಂದಂತಾಗುತ್ತಿತ್ತು.

ಎಲ್ಲ ಮೀನುಗಳ ಹೇನು ತೆಗೆದು, ಹಳೆಯ ಸಾವಿರ ಲೀಟರಿನ ಟ್ಯಾಂಕಿಗೆ ಬಿಟ್ಟೆ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದಲ್ಲ, ಒಂದಿಡೀ ದಿನ ಗಾಳಿಯಾಡಿಸಿದ ನೀರು. ಗಾಯ ಮಾಯಲೆಂದು ಮೂರು ಕೆಜಿ ಕಲ್ಲುಪ್ಪನ್ನು ಎರಡು ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ ಸೇರಿಸಿದೆ. ಹೇನು ಕಲ್ಲು, ಗೋಡೆಗಳ ಮೇಲೆ ಸಾಲಾಗಿ ಮೊಟ್ಟೆ ಇಡುತ್ತದೆ. ಅದಕ್ಕೆ ಕೊಳ ಖಾಲಿ ಮಾಡಿ, ಕಲ್ಲುಗಳನ್ನೆಲ್ಲ ಉಜ್ಜಿ, ಬಿಸಿಲಿಗೆ ಒಣಗಿಸಿದೆ. ಬೊಟ್ಟಮ್ಮ ಹತ್ತನೇ ದಿನ ಮತ್ತೆ ಕೈಯಿಂದ ತಿಂದಳು. ಹೊಸ ಮೀನು ಉಳಿಯಲಿಲ್ಲ.

ಕೆರೆಗೆ ಬಿಡುವ ಮಾತು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಕೋಯಿ ಬೇರೆಯಲ್ಲ, ನಮ್ಮ ರೋಹು, ಕಾಟ್ಲಾಗಳಿರುವ ಗೆಂಡೆ ಮೀನಿನ ಕುಟುಂಬದ್ದೇ. ಈ ಹೇನು ಅವಕ್ಕೂ ಹತ್ತುತ್ತದೆ. ಕೆರೆ ಗುತ್ತಿಗೆ ಹಿಡಿದು, ಮರಿ ಬಿಟ್ಟು ಕಾಯುವ ಮೀನುಗಾರರ ಹೊಟ್ಟೆಗೆ ಹೊಡೆದಂತೆ. ದಯವಿಟ್ಟು ಕಾಯಿಲೆ ಮೀನನ್ನಾಗಲಿ, ಬೇಡವಾದ ಮೀನನ್ನಾಗಲಿ ಯಾರೂ ಕೆರೆಗೆ ಬಿಡಬೇಡಿ.

ದೇಶದ ಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ನಮ್ಮ ಮಂಗಳೂರಿನಲ್ಲೇ ಶುರುವಾಯಿತು. ಅಲ್ಲಿ ಕಲಿತ ಮಕ್ಕಳು ಎಷ್ಟೋ ಜನ ಇದ್ದಾರೆ. ಅವರಲ್ಲಿ ಒಬ್ಬರನ್ನು ವಾರಕ್ಕೊಂದು ದಿನವಾದರೂ ಜಿಲ್ಲಾ ಪಶು ಆಸ್ಪತ್ರೆಯಲ್ಲಿ ಕೂರಿಸಬಹುದಲ್ಲವೇ? ಒಂದು ಸೂಕ್ಷ್ಮದರ್ಶಕ, ನೀರು ಪರೀಕ್ಷೆಯ ಕಿಟ್ ಇದ್ದರೆ ಅರ್ಧ ಕೆಲಸ ಆದಂತೆ. ಮೀನು ಸಾಕುವ ರೈತರಿಗೂ ಅದು ಬೇಕೇ ಬೇಕು. ಎಲ್ಲರಿಗೂ ಮಂಗಳೂರಿನಲ್ಲಿ ಓದುವ ತಂಗಿ ಮಗ ಇರುವುದಿಲ್ಲ.

ಒಬ್ಬ ಓದುಗಿ, ಕುವೆಂಪುನಗರ, ಮೈಸೂರು