ಆಮ್ಲಜನಕ ಬೆರೆತ ನೈಟ್ರೋಜನ್ ಸಿಲಿಂಡರ್ ಪೂರೈಸಿದ ಬಗ್ಗೆ ದೂರು

ಇವರಿಗೆ,
ಮಾಲೀಕರು,
ಪ್ರಯೋಗಾಲಯ ಅನಿಲ ಪೂರೈಕೆ ಸಂಸ್ಥೆ, ಪುಣೆ

ಮಾನ್ಯರೇ,

ಇದೇ ದೂರನ್ನು ನಿಮ್ಮ ಕಚೇರಿಗೆ ಇಂಗ್ಲಿಷಿನಲ್ಲಿ ಕಳುಹಿಸಿದ್ದೆ. ಬಂದದ್ದು ಒಂದು ಸ್ವೀಕೃತಿ ಸಂಖ್ಯೆ ಮಾತ್ರ. ನೀವು ಧಾರವಾಡದ ಕಡೆಯವರೆಂದು ನಮ್ಮ ಉಗ್ರಾಣದವರು ತಿಳಿಸಿದ್ದರಿಂದ ಈ ಸಲ ನೇರವಾಗಿ ನಿಮಗೇ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಕಳೆದ ತಿಂಗಳು ನೀವು ಕಳುಹಿಸಿದ ನೈಟ್ರೋಜನ್ನಿನ ಶುದ್ಧತೆ 99.999% ಎಂದು ಬಿಲ್ಲಿನಲ್ಲಿದೆ. ದರವೂ ಅದಕ್ಕೆ ತಕ್ಕದ್ದೇ. ಆದರೆ ಪ್ರಮಾಣಪತ್ರದಲ್ಲಿರುವ ಬ್ಯಾಚ್ ಸಂಖ್ಯೆ ಒಂದು, ಸಿಲಿಂಡರಿನ ಚೀಟಿಯಲ್ಲಿರುವುದು ಇನ್ನೊಂದು.

ಬುಲ್ಡಾಣಾ ಜಿಲ್ಲೆಯ ಲೋಣಾರ್ ಸರೋವರದ ತಳದ ಕೆಸರಿನಿಂದ ನಾವು ಬೇರ್ಪಡಿಸಿದ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕವೇ ವಿಷ. ಅದರ 16ಎಸ್ ಆರ್‌ಆರ್‌ಎನ್‌ಎ ಜೀನಿನ (ಬ್ಯಾಕ್ಟೀರಿಯಾಗಳ ಗುರುತು ಹಚ್ಚಲು ಹೋಲಿಸುವ ಜೀನ್) ಹೋಲಿಕೆ ಈವರೆಗೆ ಹೆಸರು ಪಡೆದ ಯಾವ ಪ್ರಭೇದದೊಂದಿಗೂ 98.7% ಮುಟ್ಟುವುದಿಲ್ಲ. ಹೊಸ ಪ್ರಭೇದವೆಂಬ ಗುಮಾನಿಗೆ ಅಷ್ಟು ಸಾಕು, ಹೆಸರಿಡಲು ಸಾಲದು. ಇಡೀ ಜೀನೋಮನ್ನು ಹೋಲಿಸಬೇಕು, ಜೀವಂತ ತಳಿಯನ್ನು ಎರಡು ಬೇರೆ ಬೇರೆ ದೇಶಗಳ ಸೂಕ್ಷ್ಮಜೀವಿ ಸಂಗ್ರಹಾಲಯಗಳಿಗೆ ಒಪ್ಪಿಸಬೇಕು. ಸತ್ತ ತಳಿಯನ್ನು ಯಾರೂ ತೆಗೆದುಕೊಳ್ಳುವುದಿಲ್ಲ.

ಇಂಥ ಬ್ಯಾಕ್ಟೀರಿಯಾವನ್ನು ಗಾಳಿ ಸೋಕದಂತೆ ಬೆಳೆಸಲು ಸಾಮಾನ್ಯವಾಗಿ ನೈಟ್ರೋಜನ್ ಜೊತೆ ಕಾರ್ಬನ್ ಡೈಆಕ್ಸೈಡ್ ಬೆರೆಸುವುದುಂಟು. ಲೋಣಾರಿನ ನೀರು ತೀರಾ ಕ್ಷಾರೀಯ. ಆ ಅನಿಲ ಸೇರಿದರೆ ಮಾಧ್ಯಮದ, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ದ್ರವದ, ಪಿಎಚ್ (ಆಮ್ಲ-ಕ್ಷಾರದ ಅಳತೆ) ಇಳಿದುಬಿಡುತ್ತದೆ. ಆದ್ದರಿಂದಲೇ ಬರೀ ನೈಟ್ರೋಜನ್ ಕೇಳಿದ್ದು. ಮಾಧ್ಯಮದಲ್ಲಿ ರೆಸಜುರಿನ್ ಎಂಬ ಸೂಚಕವನ್ನು ಹಾಕಿರುತ್ತೇವೆ: ಆಮ್ಲಜನಕವಿಲ್ಲದಿದ್ದರೆ ಬಣ್ಣವಿಲ್ಲ, ಸುಳಿದರೆ ಗುಲಾಬಿ. ನಿಮ್ಮ ಸಿಲಿಂಡರ್ ಜೋಡಿಸಿದ ಮರುದಿನ ನಳಿಕೆಗಳೆಲ್ಲ ಗುಲಾಬಿ. 2020ರ ಜೂನ್‌ನಲ್ಲಿ ಲೋಣಾರ್ ಸರೋವರವೇ ಗುಲಾಬಿಯಾಗಿತ್ತು. ಅದು ಉಪ್ಪಿನಲ್ಲಿ ಬಾಳುವ ಸೂಕ್ಷ್ಮಜೀವಿಗಳ ಕೆಲಸ. ಇದು ನಿಮ್ಮದು.

ನಿಮ್ಮ ತಂತ್ರಜ್ಞರು ಬಂದು ರಬ್ಬರ್ ಮುಚ್ಚಳಗಳನ್ನು ದೂರಿದರು. ಅದೇ ಮಾಧ್ಯಮ, ಅದೇ ಮುಚ್ಚಳ, ಪಕ್ಕದ ಪ್ರಯೋಗಾಲಯದ ಸಿಲಿಂಡರ್ ಇಟ್ಟು ಅವರೆದುರಿಗೇ ನಳಿಕೆಗಳನ್ನು ತುಂಬಿಸಿದೆವು. ಅವು ಇಂದಿಗೂ ಬಣ್ಣವಿಲ್ಲದೆ ಇವೆ. ಆಗ ಅವರು, ‘ಗಾಳಿಯಲ್ಲೇ 78% ನೈಟ್ರೋಜನ್ ಇದೆಯಲ್ಲ, ಸ್ವಲ್ಪ ಆಮ್ಲಜನಕ ಇದ್ದರೇನಂತೆ?’ ಎಂದರು. ಗಾಳಿಯೇ ಸಾಕಾಗಿದ್ದರೆ ನಿಮಗೆ ಹಣ ಕೊಡಬೇಕಾಗಿತ್ತೇ?

ಬೆಳೆಸುತ್ತಿದ್ದ ತಳಿ ಸತ್ತುಹೋಯಿತು. ಶೈತ್ಯಾಗಾರದಲ್ಲಿ ಸ್ವಲ್ಪ ದಾಸ್ತಾನು ಉಳಿದಿದೆ, ಆದರೆ ನಿಧಾನವಾಗಿ ಬೆಳೆಯುವ ಜೀವಿಯಾದ್ದರಿಂದ ಅದನ್ನು ಮತ್ತೆ ಎಬ್ಬಿಸಲು ವಾರಗಟ್ಟಲೆ ಬೇಕು. ಅದಕ್ಕೂ ಶುದ್ಧ ಅನಿಲವೇ ಬೇಕು.

ಆದ್ದರಿಂದ ಬ್ಯಾಚ್ ಸಂಖ್ಯೆ ತಾಳೆಯಾಗುವ ಪ್ರಮಾಣಪತ್ರದೊಂದಿಗೆ ಬದಲಿ ಸಿಲಿಂಡರನ್ನು ತಕ್ಷಣ ಕಳುಹಿಸಿ. ಈಗಿರುವುದರ ಹಣ ಮರಳಿಸಿ, ವ್ಯರ್ಥವಾದ ಮಾಧ್ಯಮದ ವೆಚ್ಚವನ್ನೂ ಭರಿಸಿ. ದೋಷವಿರುವ ಸಿಲಿಂಡರನ್ನು ಒಯ್ಯಲು ಯಾರನ್ನೂ ಕಳುಹಿಸಬೇಡಿ. ಅದರಲ್ಲಿ ಉಳಿದಿರುವ ಅನಿಲವನ್ನು ಇಬ್ಬರಿಗೂ ಸಂಬಂಧವಿಲ್ಲದ ಪ್ರಯೋಗಾಲಯದಲ್ಲಿ ಪರೀಕ್ಷಿಸುವವರೆಗೆ ಅದು ಇಲ್ಲಿಯೇ ಇರುತ್ತದೆ. ಏಳು ದಿನಗಳೊಳಗೆ ಲಿಖಿತ ಉತ್ತರ ಬರದಿದ್ದರೆ ನಮ್ಮ ಖರೀದಿ ಸಮಿತಿಗೆ ಈ ಪತ್ರದ ಪ್ರತಿ ಹೋಗುತ್ತದೆ.

ಇಂತಿ,
ಸಂಶೋಧಕಿ, ಸೂಕ್ಷ್ಮಜೀವಿಶಾಸ್ತ್ರ ವಿಭಾಗ
ಪುಣೆ

ಲಗತ್ತು: ಬಿಲ್ಲು, ಪ್ರಮಾಣಪತ್ರ, ಸಿಲಿಂಡರಿನ ಚೀಟಿ ಮತ್ತು ನಳಿಕೆಗಳ ಚಿತ್ರಗಳು